ಫ್ರೆಶರ್‌ಗೆ ಟೆಂಡರ್‌ನಲ್ಲಿ ಮಾರ್ಕ್ಸ್ ಇಲ್ಲ

ಸಿವಿಲ್ ಇಂಜಿನಿಯರಿಂಗ್ ಮುಗಿಸಿದವರ ಒಂದು ದೂರು ಬಹಳ ಹಳೆಯದು. ಕೆಲಸ ಕೇಳಿದರೆ ಅನುಭವ ಎಷ್ಟಿದೆ ಅಂತಾರೆ. ಯಾರಾದರೂ ಕೆಲಸ ಕೊಟ್ಟರೆ ತಾನೇ ಅನುಭವ ಬರೋದು? ಕಂಪನಿಗಳು ಕೊಡುವ ಉತ್ತರವೂ ಅಷ್ಟೇ ಹಳೆಯದು: ಕಾಲೇಜಿನಲ್ಲಿ ಸರಿಯಾಗಿ ಕಲಿಸಿಲ್ಲ, ಈ ಮಕ್ಕಳಿಗೆ ಸ್ಕಿಲ್ ಇಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಡಿಸೈನ್ ಕನ್ಸಲ್ಟೆನ್ಸಿಯೊಂದು ಹೊಸಬರನ್ನು ಯಾವಾಗ ತಗೊಳ್ಳುತ್ತದೆ, ಎಷ್ಟು ಜನರನ್ನ, ಎಂಥ ಪ್ರಶ್ನೆ ಕೇಳಿ ಅನ್ನೋದನ್ನು ತಿಳಿಯಬೇಕಾದರೆ ಬೇರೆ ಕಡೆ ನೋಡಬೇಕು. ಆ ಕಂಪನಿಗೆ ದುಡ್ಡು ಕೊಡುವವರು ಯಾರು, ಯಾವುದಕ್ಕೆ ಅಂತ ಕೊಡುತ್ತಾರೆ?

ಸೇತುವೆ ಕಟ್ಟುವುದು ಕಾಂಟ್ರಾಕ್ಟರ್. ಎಲ್ಲಿ ಕಟ್ಟಬೇಕು, ಎಷ್ಟು ದಪ್ಪ ಬೇಕು, ಎಷ್ಟು ಕಂಬಿ, ಎಷ್ಟು ಖರ್ಚು ಅಂತ ಲೆಕ್ಕ ಹಾಕಿ ಡ್ರಾಯಿಂಗ್, ರಿಪೋರ್ಟ್ ಕೊಡೋದು ಕನ್ಸಲ್ಟೆಂಟ್. ಕನ್ಸಲ್ಟೆನ್ಸಿಗೆ ಗೋಡೌನ್ ಇಲ್ಲ, ಲಾರಿ ಇಲ್ಲ. ಇರೋದು ಜನ, ಕಂಪ್ಯೂಟರ್, ಸಾಫ್ಟ್‌ವೇರ್ ಲೈಸೆನ್ಸ್. ಅದು ಮಾರೋದು ಆ ಜನರ ಗಂಟೆಗಳನ್ನು. ಹೀಗಾಗಿ ರೆಸ್ಯೂಮೆ ಕೈಗೆ ಬಂದಾಗ ಮ್ಯಾನೇಜರ್ ತಲೆಯಲ್ಲಿ ಮೊದಲು ಓಡುವ ಪ್ರಶ್ನೆ ಒಂದೇ: ಇವರ ಗಂಟೆಗೆ ಯಾವ ಕ್ಲೈಂಟ್ ಬಿಲ್ ಕಟ್ಟುತ್ತಾನೆ?

ಸರ್ಕಾರಿ ಕೆಲಸದಿಂದ ಶುರು ಮಾಡೋಣ. ರಸ್ತೆ, ಸೇತುವೆ, ಕುಡಿಯುವ ನೀರು, ಮೆಟ್ರೊ, ಇವುಗಳ ಡಿಪಿಆರ್ (ಯೋಜನೆಯ ವಿವರವಾದ ವರದಿ) ಮತ್ತು ಮೇಲ್ವಿಚಾರಣೆಯ ಕೆಲಸ ಟೆಂಡರ್ ಮೂಲಕ ಸಿಗುತ್ತದೆ. ಇಲ್ಲಿ ಬರೀ ಕಡಿಮೆ ರೇಟ್ ನೋಡಿ ಕೊಡುವುದಿಲ್ಲ. ಹೆಚ್ಚಿನ ಕಡೆ ಕ್ಯೂಸಿಬಿಎಸ್ ಅನ್ನೋ ಪದ್ಧತಿ ಇದೆ. ಗುಣಮಟ್ಟಕ್ಕೆ ಇಷ್ಟು, ರೇಟಿಗೆ ಇಷ್ಟು ಅಂತ ಮಾರ್ಕ್ಸ್ ಹಂಚುತ್ತಾರೆ. ಸಾಮಾನ್ಯವಾಗಿ 70:30, ಕೆಲವು ಕಡೆ 80:20. ಕೇಳೋಕೆ ಚೆನ್ನಾಗಿಯೇ ಇದೆ. ಆದರೆ ಗುಣಮಟ್ಟವನ್ನು ಅಳೆಯೋದು ಹೇಗೆ ಅಂತ ಟೆಂಡರ್ ದಾಖಲೆ ತೆರೆದು ನೋಡಿ. ದೊಡ್ಡ ಪಾಲು ಎರಡಕ್ಕೆ ಹೋಗುತ್ತದೆ: ಕಂಪನಿ ಹಿಂದೆ ಮಾಡಿದ ಇಂಥದೇ ಕೆಲಸಗಳು, ಮತ್ತು ಕೀ ಪರ್ಸನಲ್ ಅಂತ ಕರೆಯುವ ಮುಖ್ಯ ಇಂಜಿನಿಯರ್‌ಗಳ ಸಿ.ವಿ.ಗಳು.

ಆ ಸಿ.ವಿ. ಫಾರಂ ಒಂದು ಸಲ ನೋಡಬೇಕು. ಹೆಸರು, ಹುಟ್ಟಿದ ತಾರೀಖು, ಡಿಗ್ರಿ ಆದ ವರ್ಷ. ಆಮೇಲೆ ಕೆಲಸ ಮಾಡಿದ ಒಂದೊಂದು ಪ್ರಾಜೆಕ್ಟು, ಎಷ್ಟು ಕಿಲೋಮೀಟರ್, ಎಷ್ಟು ಕೋಟಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಅಲ್ಲಿ ಯಾವ ಹುದ್ದೆ. ಕೊನೆಗೆ ಸಹಿ. ಹೆದ್ದಾರಿ ಸಚಿವಾಲಯ ಇದಕ್ಕೆಂದೇ 2016ರಲ್ಲಿ ಇನ್ಫ್ರಾಕಾನ್ ಅನ್ನೋ ಪೋರ್ಟಲ್ ತಂದಿತು. ಇಂಜಿನಿಯರ್‌ಗಳು ತಮ್ಮ ವಿವರ ಅಲ್ಲಿ ಹಾಕಬೇಕು, ಕಂಪನಿಗಳು ಅಲ್ಲಿಂದಲೇ ತಂಡ ಕಟ್ಟಿ ತೋರಿಸಬೇಕು. ಟೀಮ್ ಲೀಡರ್, ಬ್ರಿಡ್ಜ್ ಇಂಜಿನಿಯರ್, ಪೇವ್‌ಮೆಂಟ್ ಇಂಜಿನಿಯರ್, ಮೆಟೀರಿಯಲ್ ಇಂಜಿನಿಯರ್, ಹೀಗೆ ಒಬ್ಬೊಬ್ಬರಿಗೂ ಕನಿಷ್ಠ ಇಷ್ಟು ವರ್ಷ ಅಂತ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮಾರ್ಕ್ಸೂ ಜಾಸ್ತಿ. ಅವರ ಕೈಕೆಳಗೆ ಕೆಲಸ ಮಾಡುವ ಸಹಾಯಕರ ಪಟ್ಟಿಯಲ್ಲೂ ಸಾಮಾನ್ಯವಾಗಿ ಅನುಭವ ಕೇಳುತ್ತಾರೆ. ಹೋದ ವರ್ಷ ಪಾಸಾದ ಹುಡುಗಿಯ ಹೆಸರು ಬರೆಯೋಕೆ ಆ ಫಾರಂನಲ್ಲಿ ಸಾಲೇ ಇಲ್ಲ. ಅವಳು ಎಷ್ಟೇ ಜಾಣೆಯಾದರೂ ಕಂಪನಿಯ ಮಾರ್ಕ್ಸ್ ಒಂದೂ ಏರುವುದಿಲ್ಲ, ಖರ್ಚು ಮಾತ್ರ ಏರುತ್ತದೆ.

ಸಲಹೆ ಕೇಳೋದು ಅನುಭವಸ್ಥರನ್ನೇ ಅಲ್ವಾ, ಇದರಲ್ಲಿ ತಪ್ಪೇನು ಅನ್ನಬಹುದು. ನಿಜವೇ. ವಿಶ್ವೇಶ್ವರಯ್ಯನವರು ಬಾಂಬೆ ಪಿಡಬ್ಲ್ಯುಡಿಗೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಸೇರಿದ್ದು 1884ರಲ್ಲಿ. ಹೈದರಾಬಾದಿನ ನಿಜಾಮರು ಅವರನ್ನು ಸಲಹೆಗೆ ಕರೆಸಿಕೊಂಡದ್ದು 1908ರ ಮೂಸಿ ಪ್ರವಾಹದ ಮೇಲೆ. ನಡುವೆ ಸುಮಾರು 25 ವರ್ಷದ ದುಡಿಮೆ ಇತ್ತು. ಆದರೆ ಆ 25 ವರ್ಷ ಸಿಕ್ಕಿದ್ದು ಹೇಗೆ? ಇಲಾಖೆಯೇ ಹೊಸಬರನ್ನು ಸೇರಿಸಿಕೊಂಡು, ಇಲಾಖೆಯೇ ಅವರನ್ನು ಪಳಗಿಸುತ್ತಿತ್ತು. ಈಗ ಇಲಾಖೆಗಳು ಡಿಸೈನ್ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಹೊರಗೆ ಕೊಡುತ್ತಿವೆ. ಕೆಲಸದ ಜೊತೆ ಪಳಗಿಸುವ ಜವಾಬ್ದಾರಿಯೂ ಹೊರಗೆ ಹೋಗಬೇಕಿತ್ತು. ಅದು ಎಲ್ಲಿಗೂ ಹೋಗಲಿಲ್ಲ, ಮಧ್ಯದಲ್ಲೇ ಬಿದ್ದುಹೋಯಿತು.

ಇದರ ಪರಿಣಾಮ ಆಫೀಸುಗಳಲ್ಲಿ ಕಣ್ಣಿಗೆ ಕಾಣುತ್ತದೆ. ಪಿಡಬ್ಲ್ಯುಡಿ, ನೀರಾವರಿ ಇಲಾಖೆಗಳಿಂದ ನಿವೃತ್ತರಾದ ಹಿರಿಯರ ಸಿ.ವಿ.ಗೆ ಬೇಡಿಕೆ ಜೋರು. ಟೆಂಡರ್ ಗೆಲ್ಲೋದು ಆ ಹೆಸರುಗಳಿಂದ. ಗೆದ್ದ ಮೇಲೆ ರಾತ್ರಿ ಕೂತು ಯಾವ ಸಾಮಾನು ಎಷ್ಟು ಬೇಕು ಅಂತ ಕ್ವಾಂಟಿಟಿ ತೆಗೆಯೋದು, ರಸ್ತೆ ಹೋಗುವ ದಾರಿಯ ಅಲೈನ್‌ಮೆಂಟ್ ಎಳೆಯೋದು, ಎಸ್ಟಿಮೇಟ್ ಕೂಡಿಸೋದು ಯಾರು? ಕಡಿಮೆ ಸಂಬಳದ ಹುಡುಗರೋ, ಸಬ್‌ಕಾಂಟ್ರಾಕ್ಟ್ ತಗೊಂಡ ಚಿಕ್ಕ ಆಫೀಸೋ. ಅವರ ಹೆಸರು ಟೆಂಡರ್‌ನಲ್ಲಿ ಇಲ್ಲ, ಬಿಲ್ಲಿನಲ್ಲಿಯೂ ಇಲ್ಲ. ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ 2025ರ ಮಾರ್ಚ್‌ನಲ್ಲಿ ರಸ್ತೆ ಅಪಘಾತಗಳಿಗೆ ಕೆಟ್ಟ ಡಿಪಿಆರ್‌ಗಳೂ ಸಿವಿಲ್ ಇಂಜಿನಿಯರ್‌ಗಳೂ ಕಾರಣ ಅಂತ ಬಹಿರಂಗವಾಗಿಯೇ ಹೇಳಿದರು. ದೂರು ಸರಿ. ಆದರೆ ಆ ಡಿಪಿಆರ್ ನಿಜವಾಗಿ ಬರೆದವರಿಗೆ ಯಾರು ಕಲಿಸಿದರು, ಕಲಿಸಲು ಯಾರು ದುಡ್ಡು ಕೊಟ್ಟರು ಅನ್ನೋದು ಅವರ ಸಚಿವಾಲಯದ ಟೆಂಡರ್ ಫಾರಂಗೇ ಸೇರಿದ ಪ್ರಶ್ನೆ.

ಹಾಗಾದರೆ ಫ್ರೆಶರ್‌ಗಳನ್ನು ತಗೊಳ್ಳುವವರು ಯಾರೂ ಇಲ್ವಾ? ಇದ್ದಾರೆ, ಅದೂ ಬೆಂಗಳೂರಿನಲ್ಲೇ. ಏಕಾಮ್, ಡಬ್ಲ್ಯುಎಸ್‌ಪಿ, ಅಟ್ಕಿನ್ಸ್‌ರಿಯಾಲಿಸ್ ಥರದ ವಿದೇಶಿ ಕನ್ಸಲ್ಟೆನ್ಸಿಗಳು ಇಲ್ಲಿ ದೊಡ್ಡ ಡಿಸೈನ್ ಸೆಂಟರ್‌ಗಳನ್ನು ಇಟ್ಟುಕೊಂಡಿವೆ. ಕ್ಲೈಂಟ್ ಬ್ರಿಟನ್ನಿನಲ್ಲೋ, ಅಮೆರಿಕದಲ್ಲೋ, ಕೊಲ್ಲಿ ದೇಶದಲ್ಲೋ ಇರುತ್ತಾನೆ. ಅಲ್ಲಿಯ ಆಫೀಸು ಕೆಲಸ ಗೆಲ್ಲುತ್ತದೆ, ಸಹಿ ಹಾಕುವ ಇಂಜಿನಿಯರ್ ಅಲ್ಲೇ ಇರುತ್ತಾನೆ. ಗಂಟೆಗಳು ಇಲ್ಲಿಂದ ಹೋಗುತ್ತವೆ. ಇಲ್ಲಿ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಹೊಸಬರ ಗಂಟೆ ಅಗ್ಗ, ಆದ್ದರಿಂದ ಹೊಸಬರು ಬೇಕು. ಬ್ರಿಟನ್ ಸರ್ಕಾರ 2016ರ ಏಪ್ರಿಲ್‌ನಿಂದ ತನ್ನ ಕೇಂದ್ರೀಯ ಪ್ರಾಜೆಕ್ಟುಗಳಿಗೆ ಬಿಐಎಂ ಕಡ್ಡಾಯ ಮಾಡಿತು. ಅಂದರೆ ಬರೀ ಡ್ರಾಯಿಂಗ್ ಸಾಲದು, ಕಟ್ಟಡದ ಮೂರು ಆಯಾಮದ ಮಾಡೆಲ್ ಬೇಕು, ಪ್ರತಿ ಪೈಪಿನ, ಬೀಮಿನ ಮಾಹಿತಿ ಅದರಲ್ಲಿರಬೇಕು. ಇಂಥ ಕೆಲಸಕ್ಕೆ ಗಂಟೆಗಳು ರಾಶಿ ರಾಶಿ ಬೇಕು. ಇಂಥ ಮಾಡೆಲ್ ಮಾಡುವ ರೆವಿಟ್ ಸಾಫ್ಟ್‌ವೇರ್ ಬಲ್ಲ ಹುಡುಗ ಹುಡುಗಿಯರಿಗೆ ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದರಲ್ಲಿ ಇದಕ್ಕೂ ಪಾಲಿದೆ.

ಇಲ್ಲಿನ ದಿನಚರಿ ಟೈಮ್‌ಶೀಟ್ ಮೇಲೆ ನಡೆಯುತ್ತದೆ. ಅರ್ಧ ಗಂಟೆಯನ್ನೂ ಯಾವುದೋ ಪ್ರಾಜೆಕ್ಟ್ ಕೋಡ್‌ಗೆ ಹಾಕಬೇಕು. ಕೋಡ್ ಇಲ್ಲದ ಗಂಟೆ ಕಂಪನಿಗೆ ನಷ್ಟ. ತಿಂಗಳ ಕೊನೆಗೆ ನಿಮ್ಮ ಯುಟಿಲೈಸೇಷನ್, ಅಂದರೆ ಪ್ರಾಜೆಕ್ಟಿಗೆ ಹೋದ ಗಂಟೆಗಳ ಪಾಲು, ಇಷ್ಟು ಪರ್ಸೆಂಟ್ ಅಂತ ಬರುತ್ತದೆ, ಕಡಿಮೆ ಇದ್ದರೆ ಮ್ಯಾನೇಜರ್ ಕರೆಯುತ್ತಾರೆ. ಬ್ರಿಟನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿನವರು ಬೆಳಿಗ್ಗೆ ಕಾಮೆಂಟ್ ಕಳಿಸುವ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಊಟ ಆಗಿರುತ್ತದೆ. ಸಂಜೆಯೊಳಗೆ ಸರಿ ಮಾಡಿ ಕಳಿಸಬೇಕು.

ಇಂಟರ್‌ವ್ಯೂ ಹಾಗೇಕೆ ನಡೆಯುತ್ತದೆ ಅನ್ನೋದಕ್ಕೆ ಉತ್ತರ ಈ ದಿನಚರಿಯಲ್ಲೇ ಇದೆ. ಮೊದಲ ಜರಡಿ ಎಲ್ಲರಿಗೂ ಗೊತ್ತು. ಎಸ್‌ಎಸ್‌ಎಲ್‌ಸಿಯಿಂದ ಬಿಇವರೆಗೆ 60 ಪರ್ಸೆಂಟ್, ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಇರಬಾರದು, ಆಮೇಲೆ ಕಂಪ್ಯೂಟರ್ ಮುಂದೆ ಆಪ್ಟಿಟ್ಯೂಡ್ ಟೆಸ್ಟ್. ಇದಕ್ಕೂ ಇಂಜಿನಿಯರಿಂಗ್‌ಗೂ ಸಂಬಂಧ ಕಡಿಮೆ. ಸಾವಿರ ಅರ್ಜಿಯನ್ನು ನೂರಕ್ಕೆ ಇಳಿಸಬೇಕು, ಅಷ್ಟೇ. ಅಸಲಿ ಪರೀಕ್ಷೆ ಆಮೇಲೆ, ಒಂದು ಬಿಳಿ ಹಾಳೆ ಮತ್ತು ಪೆನ್ನಿನ ಮುಂದೆ.

ಇಂಥ ಟೇಬಲ್‌ನ ಎರಡೂ ಕಡೆ ಕೂತಿದ್ದೇನೆ. ಪ್ಯಾನಲ್‌ನವರಿಗೆ ಬಹಳ ಇಷ್ಟದ ಪ್ರಶ್ನೆ ಬಾಲ್ಕನಿಯದು. ಒಂದೂವರೆ ಮೀಟರ್ ಹೊರಗೆ ಚಾಚಿದ ಸ್ಲ್ಯಾಬ್ ಬರೆಯಿರಿ, ಕಂಬಿ ಎಲ್ಲಿ ಹಾಕ್ತೀರಿ ತೋರಿಸಿ. ಎಂಟು ಸೆಮಿಸ್ಟರ್ ಮುಗಿಸಿದವರಲ್ಲೂ ಕೆಲವರು ಕೆಳಗಡೆ ಕಂಬಿ ಎಳೆಯುತ್ತಾರೆ, ಮಾಮೂಲಿ ಸ್ಲ್ಯಾಬಿನ ಹಾಗೆ. ಚಾಚಿದ ಸ್ಲ್ಯಾಬ್ ಬಾಗೋದು ಕೆಳಗಡೆಗೆ, ಹಿಗ್ಗೋದು ಮೇಲ್ಮೈ. ಕಂಬಿ ಮೇಲೆ ಇರಬೇಕು. ಮೇಲೆ ಬರೆದವರಿಗೆ ಮುಂದಿನ ಪ್ರಶ್ನೆ ಇರುತ್ತದೆ: ಅದೇ ಉದ್ದ, ಅದೇ ಭಾರ, ಆದರೆ ಎರಡೂ ಕಡೆ ಗೋಡೆ ಇದ್ದರೆ ಮೊಮೆಂಟ್ (ಸ್ಲ್ಯಾಬನ್ನು ಬಾಗಿಸುವ ಪರಿಣಾಮ) ಎಷ್ಟಕ್ಕೆ ಇಳಿಯುತ್ತೆ? ನಾಲ್ಕನೇ ಒಂದು ಭಾಗಕ್ಕೆ. ಚಾಚಿದ ಸ್ಲ್ಯಾಬಿನ ಸೂತ್ರದಲ್ಲಿ ಎರಡರಿಂದ ಭಾಗಿಸುತ್ತೀರಿ, ಎರಡು ಕಡೆ ಗೋಡೆ ಇರೋದರಲ್ಲಿ ಎಂಟರಿಂದ. ಕಾಂಕ್ರೀಟ್ ಡಿಸೈನಿನ ಭಾರತೀಯ ಮಾನದಂಡ ಐಎಸ್ 456 ಬಲ್ಲವರು ಉದ್ದಕ್ಕೂ ದಪ್ಪಕ್ಕೂ ಮೀರಬಾರದ ಅನುಪಾತ ಚಾಚಿದ ಬೀಮ್‌ಗೆ 7, ಎರಡು ಕಡೆ ಆಧಾರ ಇರೋದಕ್ಕೆ 20 ಅಂತಲೂ ಹೇಳುತ್ತಾರೆ. ಇಷ್ಟು ಹೇಳಿದವರನ್ನು ಒಬ್ಬ ಸೈಟ್ ಕಂಡ ಹಿರಿಯರು ಇನ್ನೂ ಒಂದು ಹೆಜ್ಜೆ ಒಯ್ಯುತ್ತಾರೆ. ಕಾಂಕ್ರೀಟ್ ಹಾಕುವಾಗ ಕೆಲಸದವರು ಆ ಮೇಲಿನ ಕಂಬಿಯನ್ನೇ ತುಳಿದುಕೊಂಡು ಓಡಾಡುತ್ತಾರಲ್ಲ, ಆಗ ಏನಾಗುತ್ತೆ? ಕಂಬಿ ಕೆಳಗೆ ಕೂತುಬಿಡುತ್ತೆ ಸರ್, ಅದಕ್ಕೇ ಕೆಳಗೆ ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಆಸರೆ) ಇಡಬೇಕು ಅಂತ ಹೇಳಿದ ಹುಡುಗಿಯೊಬ್ಬಳನ್ನು ಪ್ಯಾನಲ್ ಅಲ್ಲಿಗೇ ಆರಿಸಿಬಿಟ್ಟಿತ್ತು. ಅವಳ ಅಪ್ಪ ಸೆಂಟ್ರಿಂಗ್ ಮೇಸ್ತ್ರಿ ಅಂತ ಆಮೇಲೆ ಗೊತ್ತಾಯಿತು.

ಇಷ್ಟು ಬೇಸಿಕ್ ಪ್ರಶ್ನೆ ಯಾಕೆ, ಕಟ್ಟಡದ ಲೆಕ್ಕ ಹಾಕುವ ಈಟ್ಯಾಬ್ಸ್ ಸಾಫ್ಟ್‌ವೇರ್ ಬರುತ್ತಾ ಅಂತ ಕೇಳಬಾರದಾ? ಕೇಳುತ್ತಾರೆ, ಆದರೆ ಅದಕ್ಕೆ ತೂಕ ಕಡಿಮೆ. ಸಾಫ್ಟ್‌ವೇರ್ ಮೂರು ತಿಂಗಳಲ್ಲಿ ಬರುತ್ತದೆ. ಡ್ರಾಯಿಂಗ್ ಹಾಳೆಯ ಮೂಲೆಯಲ್ಲಿ ಮೂರು ಚಿಕ್ಕ ಮನೆಗಳಿರುತ್ತವೆ: ಡಿಸೈನ್ ಮಾಡಿದವರು, ಚೆಕ್ ಮಾಡಿದವರು, ಅಪ್ರೂವ್ ಮಾಡಿದವರು. ಹೊಸಬರು ಮೊದಲ ಮನೆಯಲ್ಲಿ. ಚೆಕ್ ಮಾಡುವವರ ಗಂಟೆ ದುಬಾರಿ. ಕೆಂಪು ಪೆನ್ನಿನಲ್ಲಿ ಪೂರ್ತಿ ಹಾಳೆ ತುಂಬಿಸಬೇಕಾಗಿ ಬಂದರೆ, ಅಗ್ಗದ ಗಂಟೆಯಿಂದ ಉಳಿದ ದುಡ್ಡು ದುಬಾರಿ ಗಂಟೆಗೆ ಹೋಗುತ್ತದೆ. ಸಾಫ್ಟ್‌ವೇರ್ ಕೊಟ್ಟ ಉತ್ತರ ನೋಡಿ ಇದು ಹತ್ತು ಪಟ್ಟು ಜಾಸ್ತಿ ಬಂದಿದೆಯಲ್ಲ ಅಂತ ತಾನೇ ನಿಲ್ಲುವ ಫ್ರೆಶರ್ ಬೇಕು. ಆ ಅನುಮಾನ ಹುಟ್ಟೋದು ಕೈ ಲೆಕ್ಕದಿಂದ. ವಿಜಯನಗರ, ಬಸವನಗುಡಿಯ ಟ್ರೇನಿಂಗ್ ಸೆಂಟರ್‌ಗಳಲ್ಲಿ ಸಾವಿರಾರು ರೂಪಾಯಿ ಕಟ್ಟಿ ಐದು ಸಾಫ್ಟ್‌ವೇರ್ ಸರ್ಟಿಫಿಕೇಟ್ ತಗೊಂಡವರು ಬಾಲ್ಕನಿ ಮುಂದೆ ಎಡವೋದು ನೋಡಿದರೆ ಬೇಜಾರಾಗುತ್ತೆ. ಕೆಲಸ ಗ್ಯಾರಂಟಿ ಅಂತ ಮೊದಲೇ ದುಡ್ಡು ಕೇಳುವವರ ಹತ್ತಿರವಂತೂ ಹೋಗಲೇಬೇಡಿ.

ಫೈನಲ್ ಇಯರ್ ಪ್ರಾಜೆಕ್ಟ್ ಬಗ್ಗೆಯೂ ಒಂದು ಮಾತು. ಸಿಮೆಂಟ್ ಬದಲು ಹಾರುಬೂದಿ, ಜಲ್ಲಿ ಬದಲು ತೆಂಗಿನ ಚಿಪ್ಪು, ಇಟ್ಟಿಗೆಯಲ್ಲಿ ಪ್ಲಾಸ್ಟಿಕ್. ಅರ್ಧಕ್ಕರ್ಧ ರೆಸ್ಯೂಮೆಗಳಲ್ಲಿ ಇವೇ. ಪ್ಯಾನಲ್‌ಗೆ ವಿಷಯ ಹಳೆಯದಾಗಿದ್ದರ ಬಗ್ಗೆ ತಕರಾರಿಲ್ಲ. ಎಂ25, ಅಂದರೆ 25ರ ಬಲ ಬೇಕಾದ ಕಾಂಕ್ರೀಟ್‌ಗೆ 31.6 ಗುರಿ ಇಟ್ಟು ಮಿಕ್ಸ್ ಮಾಡಿದ್ದೀರಲ್ಲ, ಆ 6.6 ಎಲ್ಲಿಂದ ಬಂತು ಅಂತ ಕೇಳಿದಾಗ ಮೌನ ಆಗುತ್ತದಲ್ಲ, ತಕರಾರು ಅಲ್ಲಿ. ಪರೀಕ್ಷೆಗೆ ಎರಕ ಹೊಯ್ದ ಎಲ್ಲ ಕ್ಯೂಬೂ ಒಂದೇ ಥರ ಬರುವುದಿಲ್ಲ, ನೂರರಲ್ಲಿ ಐದಕ್ಕಿಂತ ಹೆಚ್ಚು ಫೇಲ್ ಆಗಬಾರದು, ಅದಕ್ಕೆ ಬಲ ಎಷ್ಟು ಏರುಪೇರಾಗುತ್ತೆ ಅನ್ನೋ ಅಂದಾಜಾದ 4ನ್ನು 1.65ರಿಂದ ಗುಣಿಸಿ ಸೇರಿಸಿದ್ದು. ಪುಸ್ತಕದಲ್ಲಿ ಇರೋದೇ. ಸೀನಿಯರ್ ರಿಪೋರ್ಟಿನಿಂದ ಕಾಪಿ ಹೊಡೆದಾಗ ಇದು ಬಿಟ್ಟುಹೋಗುತ್ತದೆ.

ಇನ್ನು ಇಂಗ್ಲಿಷ್. ಹಾಸನ, ದಾವಣಗೆರೆ, ಕಲಬುರಗಿ ಕಡೆಯಿಂದ ಬಂದವರನ್ನು ಬೀಳಿಸುವ ಬಾಗಿಲು ಇದು. ಬಾಲ್ಕನಿ ಪ್ರಶ್ನೆ ಸರಿಯಾಗಿ ಬಿಡಿಸಿ, ಎಚ್‌ಆರ್ ರೌಂಡ್‌ನಲ್ಲಿ ಕಮ್ಯುನಿಕೇಷನ್ ಸಾಲದು ಅಂತ ವಾಪಸ್ ಹೋದವರು ಕಡಿಮೆ ಏನಿಲ್ಲ. ವಿದೇಶಿ ಕ್ಲೈಂಟ್‌ನ ಕೆಲಸದಲ್ಲಿ ಇಂಗ್ಲಿಷ್ ಬೇಕು, ಅದನ್ನು ಅಲ್ಲಗಳೆಯೋಕೆ ಆಗಲ್ಲ. ಆದರೆ ಯಾವ ಇಂಗ್ಲಿಷ್? ಆರನೇ ಗ್ರಿಡ್‌ನಲ್ಲಿ ಪೈಪೂ ಬೀಮೂ ಡಿಕ್ಕಿ ಹೊಡೆಯುತ್ತಿವೆ, ಪೈಪ್ 150 ಮಿ.ಮೀ. ಕೆಳಗೆ ಇಳಿಸಬಹುದಾ ಅಂತ ಐದು ಸಾಲಿನ ಮೇಲ್ ಬರೆಯುವ ಇಂಗ್ಲಿಷ್. ಇಂಟರ್‌ವ್ಯೂನಲ್ಲಿ ಅಳೆಯೋದು ನಿಮ್ಮ ಬಗ್ಗೆ ಹೇಳಿ ಅಂದಾಗ ಹೊಮ್ಮುವ ಇಂಗ್ಲಿಷ್. ಎರಡೂ ಬೇರೆ ಬೇರೆ ಸಾಮರ್ಥ್ಯ. ಪಟಪಟ ಮಾತಾಡಿ ಸೇರಿದವರು ಮೇಲ್ ಬರೆಯೋಕೆ ಬಾರದೆ ಒದ್ದಾಡಿದ್ದೂ ಉಂಟು. ಒಂದು ಡ್ರಾಯಿಂಗ್ ಕೊಟ್ಟು, ಇದರಲ್ಲಿನ ತಪ್ಪು ಹುಡುಕಿ ಹತ್ತು ನಿಮಿಷದಲ್ಲಿ ಮೇಲ್ ಬರೆಯಿರಿ ಅಂದರೆ ಎಷ್ಟೋ ಕನ್ನಡ ಮಾಧ್ಯಮದ ಮಕ್ಕಳು ಪಾಸಾಗುತ್ತಾರೆ. ಇದಕ್ಕೆ ಕಂಪನಿಗೆ ಖರ್ಚೂ ಇಲ್ಲ.

ಜಯನಗರ, ರಾಜಾಜಿನಗರ, ಮೈಸೂರು, ಹುಬ್ಬಳ್ಳಿಯ ಚಿಕ್ಕ ಸ್ಟ್ರಕ್ಚರಲ್ ಕನ್ಸಲ್ಟೆಂಟ್‌ಗಳದ್ದು ಬೇರೆಯೇ ಲೋಕ. ಐದಾರು ಜನರ ಆಫೀಸು, ಮನೆ, ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪದ ಡ್ರಾಯಿಂಗು. ಇಂಟರ್‌ವ್ಯೂ ಅಂತ ದೊಡ್ಡದಾಗಿ ಏನಿಲ್ಲ. ಯಾರೋ ಲೆಕ್ಚರರ್ ಹೇಳಿ ಕಳಿಸಿರುತ್ತಾರೆ, ನಾಳೆಯಿಂದ ಬಾ, ಎರಡು ವಾರ ಕೂತು ನೋಡು ಅಂತಾರೆ. ಸಂಬಳ ಹೇಳಿಕೊಳ್ಳುವಂತೆ ಇರುವುದಿಲ್ಲ. ಯಾವ ಬ್ರಾಂಚ್ ಆದರೂ ಸರಿ ಅಂತ ಕರೆಯುವ ಐಟಿ ಕಂಪನಿ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ಕೊಟ್ಟರೆ ಅದರ ಮುಂದೆ ಇದು ನಿಲ್ಲಲ್ಲ. ಆದರೆ ಕಲಿಕೆ ನೋಡಿದರೆ, ಮೊದಲ ಎರಡು ವರ್ಷಕ್ಕೆ ಇದಕ್ಕಿಂತ ಒಳ್ಳೆ ಜಾಗ ಕಡಿಮೆ ಅನ್ನೋದು ನನ್ನ ಅಭಿಪ್ರಾಯ. ಬೆಳಿಗ್ಗೆ ಎಳೆದ ಕಂಬಿಯನ್ನು ಮಾರನೇ ವಾರ ಸೈಟಿನಲ್ಲಿ ಕಟ್ಟೋದು ನೋಡುತ್ತೀರಿ. ಇಲ್ಲಿ ಕಲಿತವರನ್ನು ದೊಡ್ಡ ಡಿಸೈನ್ ಸೆಂಟರ್‌ಗಳು ಎರಡು ವರ್ಷ ಆದ ಮೇಲೆ ಅನುಭವಸ್ಥರು ಅಂತ ಕರೆದುಕೊಂಡು ಹೋಗುತ್ತವೆ. ತರಬೇತಿಯ ಖರ್ಚು ಚಿಕ್ಕವರದ್ದು, ಲಾಭ ದೊಡ್ಡವರದ್ದು.

ಬಾಂಡ್ ಬರೆಸಿಕೊಳ್ಳುವ ಚಾಳಿ ಬೆಳೆದದ್ದರ ಹಿಂದೆ ಈ ಸಿಟ್ಟೂ ಇದೆ. ಎರಡು ವರ್ಷದೊಳಗೆ ಬಿಟ್ಟರೆ ಇಷ್ಟು ಕಟ್ಟಬೇಕು ಅನ್ನೋ ಕಾಗದಕ್ಕೆ ಬೆಲೆ ಇಲ್ಲ, ಸುಮ್ನೆ ಹೆದರಿಸ್ತಾರೆ ಅಂತ ಹಾಸ್ಟೆಲ್‌ಗಳಲ್ಲಿ ಮಾತಿದೆ. ಹಾಗೆ ನಂಬಿ ಕೂರಬೇಡಿ. ಮೂರು ವರ್ಷ ಮುಗಿಯುವ ಮೊದಲೇ ವಿಜಯಾ ಬ್ಯಾಂಕ್ ಕೆಲಸ ಬಿಟ್ಟ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಉದ್ಯೋಗಿಯ ಪರ ನಿಂತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, 2 ಲಕ್ಷ ರೂಪಾಯಿಯ ಬಾಂಡ್ ಸರಿ ಅಂದಿತು. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ಖರ್ಚಿನ ಲೆಕ್ಕದಲ್ಲಿ ಬಂದ ತೀರ್ಪು. ಯಾವ ಬಾಂಡಾದರೂ ನಡೆಯುತ್ತೆ ಅಂತ ಅರ್ಥ ಅಲ್ಲ. ಆದರೂ ಸಹಿ ಹಾಕುವ ಮೊದಲು ಮೊತ್ತ ಎಷ್ಟು, ತರಬೇತಿ ಏನು ಕೊಡುತ್ತಾರೆ ಅಂತ ಓದಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೇಳಿದರೆ ಕೊಡಬೇಡಿ.

ಡಿಸೈನ್ ಸೆಂಟರ್‌ಗಳ ಬಾಗಿಲು ಸದಾ ತೆರೆದೇ ಇರುತ್ತದೆ ಅಂತಲೂ ನಂಬೋಕಾಗಲ್ಲ. ಕ್ವಾಂಟಿಟಿ ತೆಗೆಯೋದು, ಮಾಡೆಲ್‌ನಲ್ಲಿ ಡಿಕ್ಕಿ ಹುಡುಕೋದು, ಒಂದೇ ಥರದ ಡ್ರಾಯಿಂಗ್ ಐವತ್ತು ಎಳೆಯೋದು, ಫ್ರೆಶರ್‌ಗೆ ಮೊದಲು ಕೊಡುವ ಕೆಲಸಗಳು ಇವು. ಎಐ ಮೊದಲು ಕೈ ಹಾಕುತ್ತಿರೋದೂ ಇವಕ್ಕೇ. ಅಗ್ಗದ ಗಂಟೆಗಿಂತ ಅಗ್ಗದ್ದು ಸಿಕ್ಕರೆ ಅಗ್ಗದ ಕಾರಣಕ್ಕೆ ಬಂದ ಕೆಲಸ ಅದೇ ಕಾರಣಕ್ಕೆ ಹೋಗಬಹುದು. ನಮ್ಮದೇ ಊರಿನ ರಸ್ತೆ, ಸೇತುವೆಯ ಕೆಲಸದಲ್ಲಿ ಹೊಸಬರಿಗೆ ಜಾಗ ಇರಬೇಕು ಅನ್ನೋದು ಇದಕ್ಕೇ.

ಬ್ರಿಟನ್ನಿನಲ್ಲಿ ಆ ಜಾಗ ಟೆಂಡರ್‌ನಿಂದಲೇ ಬರುತ್ತದೆ. 2021ರ ಜನವರಿಯಿಂದ ಅಲ್ಲಿಯ ಕೇಂದ್ರ ಸರ್ಕಾರದ ದೊಡ್ಡ ಟೆಂಡರ್‌ಗಳಲ್ಲಿ ಕನಿಷ್ಠ 10 ಪರ್ಸೆಂಟ್ ಮಾರ್ಕ್ಸ್ ಸಾಮಾಜಿಕ ಪ್ರಯೋಜನಕ್ಕೆ ಇಡಬೇಕು ಅಂತ ನಿಯಮ ಬಂತು. ಹೊಸಬರಿಗೆ ಕೆಲಸ, ಅಪ್ರೆಂಟಿಸ್‌ಗಳಿಗೆ ತರಬೇತಿ ಅದರಡಿ ಬರುತ್ತವೆ. ಅದಕ್ಕೇ ಅಲ್ಲಿನ ಕನ್ಸಲ್ಟೆನ್ಸಿಗಳು ಗ್ರಾಜುಯೇಟ್‌ಗಳನ್ನು ಸೇರಿಸಿಕೊಂಡದ್ದನ್ನು ಟೆಂಡರ್‌ನಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುತ್ತವೆ. 1818ರಲ್ಲಿ ಶುರುವಾದ ಅಲ್ಲಿಯ ಸಿವಿಲ್ ಇಂಜಿನಿಯರ್‌ಗಳ ಸಂಸ್ಥೆಯ ಜೊತೆ ತರಬೇತಿ ಒಪ್ಪಂದ ಮಾಡಿಕೊಂಡು, ಒಬ್ಬ ಹಿರಿಯರ ಕೈಕೆಳಗೆ ಕೆಲವು ವರ್ಷ ಪಳಗಿಸುತ್ತವೆ.

ನಮ್ಮಲ್ಲಿ ಕಾನೂನು ಅಡ್ಡ ಬರುತ್ತೆ ಅನ್ನೋ ಹಾಗಿಲ್ಲ. ಕರ್ನಾಟಕದ ಟೆಂಡರ್‌ಗಳಿಗೆ 1999ರ ಕೆಟಿಪಿಪಿ, ಅಂದರೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ ಇದೆ. ಬರೀ ಕಡಿಮೆ ರೇಟಿಗೆ ಕೊಡೋದಷ್ಟೇ ಅದರ ಕೆಲಸವಾಗಿ ಉಳಿದಿಲ್ಲ. ಎಸ್‌ಸಿ, ಎಸ್‌ಟಿ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲು ಕೊಡೋಕೆ ಇದೇ ಕಾಯ್ದೆಗೆ ತಿದ್ದುಪಡಿ ತಂದಿದ್ದಾರೆ. ಯಾರಿಗೆ ಅವಕಾಶ ಸಿಗಬೇಕು ಅನ್ನೋದನ್ನು ಟೆಂಡರ್ ಮೂಲಕ ಬದಲಾಯಿಸಬಹುದು ಅಂತ ಒಮ್ಮೆ ಒಪ್ಪಿದ ಮೇಲೆ, ಕನ್ಸಲ್ಟೆನ್ಸಿ ಟೆಂಡರ್‌ನಲ್ಲಿ ಎರಡು ಬದಲಾವಣೆ ದೊಡ್ಡ ಮಾತಲ್ಲ. ಒಂದು, ಐದು ಕೋಟಿಯ ಡಿಪಿಆರ್ ಕೆಲಸಕ್ಕೆ ಇಬ್ಬರೋ ಮೂವರೋ ಗ್ರಾಜುಯೇಟ್ ಇಂಜಿನಿಯರ್ ಅಂತ ಬಿಲ್ಲಿನ ಪಟ್ಟಿಯಲ್ಲಿ ಒಂದು ಸಾಲು, ಅದಕ್ಕೊಂದು ಕನಿಷ್ಠ ತಿಂಗಳ ರೇಟು. ಆ ರೇಟಿನ ಮೇಲೆ ಸ್ಪರ್ಧೆ ಇರಬಾರದು, ಇದ್ದರೆ ಸೊನ್ನೆಗೆ ಇಳಿಯುತ್ತದೆ. ಇನ್ನೊಂದು, ಆ ಹೊಸಬರ ಹೆಸರೂ ಕೀ ಪರ್ಸನಲ್‌ಗಳ ಹಾಗೆ ದಾಖಲೆಯಲ್ಲಿ ಇರಬೇಕು. ಇನ್ನೈದು ವರ್ಷಕ್ಕೆ ಅವರು ಮುಂದಿನ ಟೆಂಡರ್‌ಗೆ ಸಿ.ವಿ. ಬರೆಯುವಾಗ ಈ ಪ್ರಾಜೆಕ್ಟು ಲೆಕ್ಕಕ್ಕೆ ಬರಬೇಕು.

ಕನ್ಸಲ್ಟೆಂಟ್‌ಗಳು ಇದನ್ನು ವಿರೋಧಿಸುತ್ತಾರಾ? ನನಗೆ ಅನ್ನಿಸೋದಿಲ್ಲ. ಎಲ್ಲರ ಮೇಲೂ ಒಂದೇ ಖರ್ಚು ಬಿದ್ದರೆ ಯಾರಿಗೂ ನಷ್ಟ ಇಲ್ಲ. ನಿವೃತ್ತರ ಸಿ.ವಿ. ಹುಡುಕಿಕೊಂಡು ಅಲೆಯೋ ಕಂಪನಿಗಳಿಗೇ ಮುಂದಿನ ತಲೆಮಾರಿನ ಬ್ರಿಡ್ಜ್ ಇಂಜಿನಿಯರ್ ಎಲ್ಲಿ ಸಿಗುತ್ತಾನೆ ಅನ್ನೋ ಚಿಂತೆ ಜಾಸ್ತಿ ಇರೋದು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಸಿವಿಲ್ ಸೀಟು ಖಾಲಿ ಉಳಿಯುತ್ತಿವೆ, ಇದ್ದವರೂ ಕೋಡಿಂಗ್ ಕಲಿತು ಹೊರಟು ಹೋಗುತ್ತಿದ್ದಾರೆ. ಫಾರಂ ಬದಲಾಯಿಸಬೇಕಾದವರು ಇಲಾಖೆಯವರು. ಅದಕ್ಕೆ ಹೊಸ ಬಜೆಟ್ ಬೇಕಿಲ್ಲ, ಮುಂದಿನ ಟೆಂಡರ್ ಕರೆಯುವ ಮೊದಲು ಒಂದು ಸುತ್ತೋಲೆ ಹೊರಡಿಸಿದರೆ ಶುರುವಾಗುತ್ತದೆ.